ಮಾತನ್ನು ಕೇಳಿ ಬರೆಯುವ ಯಂತ್ರ

ನಮ್ಮ ಶಾಲೆಯಲ್ಲಿ ಓದಿಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಆಸ್ಪತ್ರೆ, ಬ್ಯಾಂಕು, ಕಚೇರಿ ಮೊದಲಾದೆಡೆಗಳಲ್ಲಿ ಉದ್ಯೋಗದಲ್ಲಿರುವರು. ಆಡಿದ ಮಾತನ್ನು ತಾನೇ ಕೇಳಿ ಬರೆಯುವ ಯಂತ್ರವು ಅಂಥ ಸ್ಥಳಗಳಿಗೆ ಬಂದಿರುವುದನ್ನು ಅವರು ಬಲ್ಲರು. ಸಭೆಯ ನಡವಳಿಯನ್ನೂ ವೈದ್ಯರು ಹೇಳಿದ ಟಿಪ್ಪಣಿಯನ್ನೂ ಅದು ಬರೆಯುವುದು. ದೂರವಾಣಿಯಲ್ಲಿ ಕರೆದವರಿಗೆ ಉತ್ತರ ಕೊಡುವುದೂ ಉಂಟು. ಇನ್ನು ನಮ್ಮ ಮಗಳಿಗೆ ಯಾವ ಕೆಲಸ ಉಳಿದೀತು ಎಂದು ತಾಯ್ತಂದೆಗಳು ಕೇಳುವುದು ಸಹಜವೇ. ಆದಕಾರಣ ಈ ಯಂತ್ರವು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವೆನು.

ಇಂಥ ಯಂತ್ರಗಳಿಗೂ ಸ್ತ್ರೀಯರ ಉದ್ಯೋಗಕ್ಕೂ ಇರುವ ಸಂಬಂಧವು ಹೊಸದಲ್ಲ. ಅಮೇರಿಕದ ದೂರವಾಣಿ ಕೇಂದ್ರಗಳಲ್ಲಿ ಮೊದಲು ಹುಡುಗರನ್ನು ನೇಮಿಸುತ್ತಿದ್ದರು; ಅವರ ಒರಟು ಮಾತಿನಿಂದ ಜನರು ಬೇಸತ್ತರು. 1878ರಲ್ಲಿ ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬಾಕೆಯು ಆ ಕೆಲಸಕ್ಕೆ ಸೇರಿದ ಮೊದಲ ಸ್ತ್ರೀಯಾದಳು. ಬಳಿಕ ಸಾವಿರಾರು ಸ್ತ್ರೀಯರಿಗೆ ಅದೇ ಜೀವನೋಪಾಯವಾಯಿತು. ಆದರೆ 1891ರಲ್ಲಿ ಸ್ಟ್ರೋಜರ್ ಎಂಬವನು ತಂತಿಗಳನ್ನು ತಾನಾಗಿ ಜೋಡಿಸುವ ಯಂತ್ರಕ್ಕೆ ಪೇಟೆಂಟು ಪಡೆದನು; ಕಾಲಕ್ರಮದಲ್ಲಿ ಆ ಉದ್ಯೋಗವು ಬಹುಮಟ್ಟಿಗೆ ಇಲ್ಲವಾಯಿತು. 1939ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ವೋಡರ್ ಎಂಬ ಮಾತಾಡುವ ಯಂತ್ರವನ್ನು ಜನರು ಕಂಡು ಬೆರಗಾದರು. ಅದನ್ನು ಬೆರಳುಗಳಿಂದಲೂ ಕಾಲಿನಿಂದಲೂ ನುಡಿಸಿದವರು ಬಹುಕಾಲ ಅಭ್ಯಾಸ ಮಾಡಿದ ತರುಣಿಯರೇ. 1952ರಲ್ಲಿ ಬೆಲ್ ಪ್ರಯೋಗಶಾಲೆಯ ಆಡ್ರಿ ಎಂಬ ಯಂತ್ರವು ಮಾತನ್ನು ಕೇಳಿ ಅಂಕಿಗಳನ್ನು ಮಾತ್ರ ಗುರುತಿಸಿತು.

ಇಂದಿನ ಯಂತ್ರದ ಕ್ರಮವು ಹೀಗಿದೆ. ನಮ್ಮ ದನಿಯಿಂದ ಗಾಳಿಯಲ್ಲುಂಟಾಗುವ ಕಂಪನವನ್ನು ಅದು ಸೆಕೆಂಡಿಗೆ ಸಾಮಾನ್ಯವಾಗಿ 16,000 ಸಾರಿ ಅಳೆದು ಅಂಕಿಗಳನ್ನಾಗಿ ಮಾಡಿಕೊಳ್ಳುವುದು. ಅನಂತರ ಅದನ್ನು ಅತಿಸಣ್ಣ ತುಂಡುಗಳಾಗಿ ವಿಂಗಡಿಸಿ, ತಾನು ಮೊದಲೇ ಕಲಿತ ಮಾತುಗಳ ಆಧಾರದಿಂದ, ಇದು ಇಂಥ ಪದವಾಗಿರುವ ಸಂಭವವೇ ಹೆಚ್ಚೆಂದು ನಿರ್ಣಯಿಸುವುದು. ಅದು ನಮ್ಮಂತೆ ಅರ್ಥವನ್ನು ಗ್ರಹಿಸಿ ಬರೆಯುವುದೆಂದು ತಿಳಿಯಬಾರದು. ಬಹಳ ಚೆನ್ನಾಗಿ ಊಹಿಸುವುದೆಂದು ಹೇಳುವುದೇ ಸರಿ.

ಆದುದರಿಂದ ಯಾರ ಮಾತನ್ನು ಅದು ಹೆಚ್ಚಾಗಿ ಕೇಳಿ ಕಲಿತಿರುವುದೋ ಅವರ ಮಾತೇ ಅದಕ್ಕೆ ಸುಲಭ. 2022ರಲ್ಲಿ ಪ್ರಕಟವಾದ ವಿಸ್ಪರ್ ಎಂಬ ಯಂತ್ರಕ್ಕೆ 6,80,000 ಗಂಟೆಗಳ ಮಾತನ್ನು ಕಲಿಸಿದರು. ಅದರಲ್ಲಿ ಬಹುಭಾಗ ಇಂಗ್ಲಿಷು, ಕನ್ನಡದ ಪಾಲು ಅತ್ಯಲ್ಪ. ಐದು ದೊಡ್ಡ ಕಂಪೆನಿಗಳ ಯಂತ್ರಗಳನ್ನು ಅಮೇರಿಕದಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ವರದಿಯಂತೆ, ಬಿಳಿಯರ ಮಾತಿನಲ್ಲಿ ನೂರು ಪದಗಳಿಗೆ ಸುಮಾರು 19 ತಪ್ಪುಗಳಾದರೆ, ಕರಿಯರ ಮಾತಿನಲ್ಲಿ 35 ಆದವು. ಸತ್ಯವೇದದ ನ್ಯಾಯಸ್ಥಾಪಕರು ಎಂಬ ಪುಸ್ತಕದ 12ನೆಯ ಅಧ್ಯಾಯವನ್ನು ಓದಿದವರಿಗೆ ಯೊರ್ದನ್ ಹೊಳೆಯ ಕಡವು ನೆನಪಾಗದಿರದು. ಒಂದು ಪದದಲ್ಲಿ ಷಕಾರಕ್ಕೆ ಬದಲಾಗಿ ಸಕಾರವನ್ನು ನುಡಿದುದಕ್ಕಾಗಿ ಎಫ್ರಾಯೀಮ್ಯರು ಅಲ್ಲಿ ಪ್ರಾಣವನ್ನೇ ಕಳೆದುಕೊಂಡರು. ನಾಲಿಗೆಯ ಭೇದವನ್ನು ಅಪರಾಧವಾಗಿ ಎಣಿಸುವ ಅನ್ಯಾಯವು ಯಂತ್ರದೊಳಕ್ಕೂ ಯಾರೂ ಬಯಸದೆಯೇ ಸೇರಬಲ್ಲುದು. ಮಂಗಳೂರು, ಧಾರವಾಡ, ಮೈಸೂರು ಸೀಮೆಗಳ ಕನ್ನಡವು ಒಂದೇ ತೆರನಾಗಿಲ್ಲವಷ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಜಿಲ್ಲೆಜಿಲ್ಲೆಗಳ ಮಾತನ್ನು ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿರುವುದು ಇದಕ್ಕಾಗಿ ಬಹು ಉಪಯುಕ್ತವಾದುದು.

ತಪ್ಪು ಸಣ್ಣದಾಗಿರಬಹುದು, ಅದರ ಫಲವು ಸಣ್ಣದಾಗಿರಲಾರದು. "ಇಪ್ಪತ್ತು", "ಎಪ್ಪತ್ತು" ಎಂಬವುಗಳ ಭೇದವು ಮೊದಲ ಸ್ವರ ಒಂದರಲ್ಲಿಯೇ ಇದೆ. "ಕೊಡಬಹುದು", "ಕೊಡಬಾರದು" ಎಂಬವುಗಳ ಭೇದವು ನಡುವಿನ ಅಕ್ಷರಗಳಲ್ಲಿದೆ. ಔಷಧದ ಪ್ರಮಾಣವನ್ನು ಬರೆಯುವಲ್ಲಿ ಇವು ಅದಲುಬದಲಾದರೆ ರೋಗಿಯ ಗತಿಯೇನು? ಇದಲ್ಲದೆ, ಮಾತನಾಡುವವರು ಬಹಳ ಹೊತ್ತು ತಡೆದರೆ ಯಾರೂ ಆಡದ ವಾಕ್ಯವನ್ನೇ ಯಂತ್ರವು ಕೆಲವೊಮ್ಮೆ ಸೇರಿಸುವುದೆಂದು 2024ರಲ್ಲಿ ಪ್ರಕಟವಾದ ಪರಿಶೋಧನೆಯೊಂದು ತೋರಿಸಿದೆ. ರೋಗದಿಂದ ನಾಲಿಗೆ ತೊಡರಿದವರ ಮಾತಿನಲ್ಲಿ ಅದು ಹೆಚ್ಚು.

ಹೀಗಿರುವಲ್ಲಿ ನಮ್ಮ ಹೆಣ್ಣುಮಕ್ಕಳು ಯಂತ್ರಕ್ಕೆ ಹೆದರಬೇಕಾಗಿಲ್ಲ, ಅದಕ್ಕೆ ಶರಣಾಗಲೂಬಾರದು. ಮೊದಲನೆಯದಾಗಿ, ಅಂಕಿಯನ್ನು ಹೇಳುವಾಗ "ಎಪ್ಪತ್ತು, ಏಳು ಸೊನ್ನೆ" ಎಂದು ಬಿಡಿಸಿಯೂ ಹೇಳತಕ್ಕದ್ದು. ಎರಡನೆಯದಾಗಿ, ಯಂತ್ರವು ಬರೆದುದನ್ನು ಆದ್ಯಂತವಾಗಿ ಓದದೆ ರುಜು ಹಾಕಬಾರದು. ರುಜು ಹಾಕಿದ ಮೇಲೆ ತಪ್ಪು ಯಂತ್ರದ್ದೆಂದು ಹೇಳಿ ಬಿಡಿಸಿಕೊಳ್ಳಲಾಗದು. ಮೂರನೆಯದಾಗಿ, ಅನೇಕ ಯಂತ್ರಗಳು ಕೇಳಿದ ದನಿಯನ್ನು ದೂರದ ಕಂಪ್ಯೂಟರಿಗೆ ಕಳುಹಿಸುವುದರಿಂದ, ಪರರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಅದರ ಮುಂದೆ ಆಡಬಾರದು.

ಬರೆಯುವ ಶ್ರಮವು ಕಡಿಮೆಯಾದೀತು; ಆಡಿದ ಮಾತಿನ ಹೊಣೆಯು ಮನುಷ್ಯರಲ್ಲಿಯೇ ಉಳಿಯುವುದು. ಸ್ಪಷ್ಟವಾಗಿ ಉಚ್ಚರಿಸುವುದು, ತಾಳ್ಮೆಯಿಂದ ಕೇಳುವುದು, ಬರೆದುದನ್ನು ತಿದ್ದುವುದು ಎಂಬ ಹಳೆಯ ಪಾಠಗಳಿಗೆ ಬೆಲೆಯು ಇಳಿಯಲಿಲ್ಲ, ಏರಿದೆ. ಹೆಣ್ಣುಮಕ್ಕಳು ಮನೆಯಲ್ಲಿ ಗಟ್ಟಿಯಾಗಿ ಓದುವಾಗ ತಾಯ್ತಂದೆಗಳು ಸ್ವಲ್ಪ ಹೊತ್ತು ಕುಳಿತು ಕೇಳಿದರೆ ಈ ಕಾರ್ಯದಲ್ಲಿ ಶಾಲೆಗೆ ದೊಡ್ಡ ಸಹಾಯವಾಗುವುದು.