ನುಸಿಗೆ ಮದ್ದು ನಾಟದಿದ್ದಾಗ



ತಪಸ್ಸುಕಾಲದ ಬಿಸಿಲು ಏರುತ್ತಿದ್ದಂತೆ ಹೊಸೂರು, ತಾಳವಾಡಿ ಕಡೆಯ ಬದನೆ ತೋಟಗಳಲ್ಲಿ ಕೆಂಪು ನುಸಿಯ ಕಾಟವೂ ಏರುತ್ತದೆ. ಎಲೆಯ ಮೇಲೆ ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ, ಆಮೇಲೆ ಎಲೆ ಒಣಗಿ ಉದುರುವುದು. "ಸ್ವಾಮಿ, ಮೂರು ಸಾರಿ ಹೊಡೆದೆವು, ನುಸಿ ಸಾಯಲಿಲ್ಲ, ಮದ್ದೇ ಕಲಬೆರಕೆ" ಎಂಬ ದೂರನ್ನು ನಾವು ಕೇಳುತ್ತಲೇ ಇರುತ್ತೇವೆ. ಕಲಬೆರಕೆ ಇಲ್ಲವೆಂದು ಹೇಳಲಾರೆವು. ಆದರೆ ಮದ್ದು ಸರಿಯಿದ್ದೂ ನುಸಿ ಅದಕ್ಕೆ ಬಗ್ಗದಂತಾಗಿರುವುದು ಬಹಳ.

ನುಸಿ ಎಂಟು ಕಾಲಿನ ಜೀವಿ, ಜೇಡನ ಬಳಗದ್ದು. ಸಸ್ಯಹೇನು, ಬಿಳಿನೊಣಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಅದನ್ನು ಕೊಲ್ಲದು. ಬೇಸಿಗೆಯಲ್ಲಿ ಹತ್ತು ದಿನದ ಆಸುಪಾಸಿನಲ್ಲೇ ಹೊಸ ತಲೆಮಾರು ಬರುತ್ತದೆ. ಒಂದು ಹೆಣ್ಣು ನೂರರಷ್ಟು ಮೊಟ್ಟೆ ಇಡಬಲ್ಲದು. ಸಿಂಪರಣೆಯಲ್ಲಿ ಬದುಕುಳಿದ ನಾಲ್ಕಾರು ನುಸಿಗಳ ಸಂತಾನವೇ ತಿಂಗಳೊಳಗೆ ತೋಟ ತುಂಬುತ್ತದೆ. ಈ ಬಳಗದ ಎರಡು ಚುಕ್ಕೆಯ ನುಸಿಯೊಂದೇ, ಜಗತ್ತಿನ ಒಂದಲ್ಲ ಒಂದು ಕಡೆ, 90ಕ್ಕೂ ಹೆಚ್ಚು ಮದ್ದುಗಳನ್ನು ಅರಗಿಸಿಕೊಂಡಿದೆ.

ನಮ್ಮವರು ಮೋಸ ಹೋಗುವುದು ಅಂಗಡಿಯಲ್ಲಿ. ಒಂದು ಬಾಟಲಿ ಕೆಲಸ ಮಾಡದಿದ್ದರೆ ಇನ್ನೊಂದು ತರುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಗುಣ ಒಂದೇ! ಫೆನಜಾಕ್ವಿನ್, ಫೆನ್‌ಪೈರಾಕ್ಸಿಮೇಟ್, ಪೈರಿಡಾಬೆನ್ ಮೂರೂ ನುಸಿಯನ್ನು ಕೊಲ್ಲುವ ರೀತಿ ಒಂದೇ. ಒಂದನ್ನು ತಾಳಿಕೊಂಡ ನುಸಿ ಇನ್ನೆರಡನ್ನೂ ತಾಳಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ದೊಡ್ಡಕ್ಷರದ ವ್ಯಾಪಾರಿ ಹೆಸರನ್ನು ಬಿಟ್ಟು, ಸಣ್ಣಕ್ಷರದ ರಾಸಾಯನಿಕ ಹೆಸರನ್ನು ಓದಿ. ಕಣ್ಣು ಹಿಡಿಯದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಬದನೆಗೆ ಒಮ್ಮೆ ಫೆನಜಾಕ್ವಿನ್ ಹೊಡೆದಿದ್ದರೆ, ಮತ್ತೆ ಬೇಕಾದಾಗ ಸ್ಪೈರೋಮೆಸಿಫೆನ್, ಅದರ ನಂತರ ಪ್ರೊಪಾರ್ಗೈಟ್. ಇವು ಬೇರೆ ಬೇರೆ ಗುಂಪಿನವು. ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರಿದೆಯೇ ಎಂದೂ ನೋಡಿಕೊಳ್ಳಿ. ಎರಡು ಮೂರು ಮದ್ದನ್ನು ಒಂದೇ ಡ್ರಮ್ಮಿನಲ್ಲಿ ಕಲಸುವ ಚಪಲ ಬೇಡ.

ಕಾಯಿಕೊರಕ ಹುಳಕ್ಕೆಂದು ವಾರವಾರವೂ ಸೈಪರ್‌ಮೆಥ್ರಿನ್ ಹೊಡೆದರೆ ನುಸಿ ಇನ್ನೂ ಹೆಚ್ಚುತ್ತದೆ. ನುಸಿಯನ್ನು ತಿಂದು ಬದುಕುವ ಸಣ್ಣ ಕಪ್ಪು ಜೀರುಂಡೆಗಳು ಮೊದಲು ಸಾಯುತ್ತವೆ.

ಪಂಪು ಹೆಗಲಿಗೇರಿಸುವ ಮುಂಚೆ ಎಲೆ ತಿರುವಿ ನೋಡಿ. ನಾಲ್ಕು ಗಿಡಕ್ಕಷ್ಟೇ ಹತ್ತಿದ್ದರೆ ಆ ಎಲೆಗಳನ್ನು ಕಿತ್ತು ಸುಡಿ. ಎಲೆಯಡಿಗೆ ರಭಸವಾಗಿ ನೀರು ಹೊಡೆದರೂ ನುಸಿ ಎಷ್ಟೋ ಕಡಿಮೆಯಾಗುತ್ತದೆ. ಮದ್ದೂ ಅಡಿಗೇ ಬೀಳಬೇಕು.

ಹೊಡೆದ ಮೇಲೆ ಲೇಬಲ್ಲು ಹೇಳಿದಷ್ಟು ದಿನ ಕಳೆಯದೆ ಕಾಯಿ ಕೊಯ್ದು ಸಂತೆಗೆ ಒಯ್ಯಬೇಡಿ. ಮದ್ದು ತಾಗಿದ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ಹಾಕದೆ, ಬೇರೆಯಾಗಿ ಸೋಪು ಹಚ್ಚಿ ಒಗೆಯಿರಿ.