ಕೆಂಪು ಪೇಟೆಗೆ ಬಿದ್ದ ಕಿಚ್ಚು

ಹಾವೇರಿಯಿಂದ ರಾಣೆಬೆನ್ನೂರಿಗೆ ರೈಲಿನಲ್ಲಿ ಹೊರಟವರಿಗೆ ನಡುವೆ ಬ್ಯಾಡಗಿ ಬಂತೆಂದು ಯಾರೂ ಹೇಳಬೇಕಾಗಿಲ್ಲ. ಮಾಘ-ಫಾಲ್ಗುಣದ ದಿನಗಳಾದರೆ ಮೂಗೇ ಹೇಳುತ್ತದೆ. ಒಬ್ಬರು ಸೀನಿದರೆ ಡಬ್ಬಿಗೆ ಡಬ್ಬಿಯೇ ಸೀನುತ್ತದೆ. ಅಪರಿಚಿತರು ಪರಸ್ಪರ ಮುಖ ನೋಡಿ ನಗುತ್ತಾರೆ. ಆದರೆ 2024ರ ಮಾರ್ಚ್ 11, ಸೋಮವಾರದಂದು ಆ ಊರಿನ ಗಾಳಿಯಲ್ಲಿ ತುಂಬಿದ್ದ ಘಾಟು ನಗುವಂಥದಾಗಿರಲಿಲ್ಲ.

ಅಂದು ಸಂತೆಯ ದಿನ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ನಡೆಯುವುದು ಸೋಮವಾರ ಮತ್ತು ಗುರುವಾರ. ಸುಗ್ಗಿಯ ಭರದಲ್ಲಿ ಲಕ್ಷಗಟ್ಟಲೆ ಚೀಲಗಳು ಬಂದು ಬಿದ್ದಿದ್ದವು. ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಸೀಮೆಗಳಿಂದಷ್ಟೇ ಅಲ್ಲ, ಆಂಧ್ರದ ಕರ್ನೂಲಿನ ಕಡೆಯಿಂದಲೂ ಲಾರಿಗಳು ಬರುವ ಪೇಟೆ ಅದು. ಟೆಂಡರಿನ ದರ ಹೊರಬಿದ್ದಾಗ, ಅದು ಏಕಾಏಕಿ ಕುಸಿದಿರುವುದು ಕಂಡಿತು. ಮೊದಲು ಗೊಣಗು, ಆಮೇಲೆ ಕೂಗು, ಆಮೇಲೆ ಕಲ್ಲು. ಸಂಜೆಯ ಹೊತ್ತಿಗೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ಬೆಂಕಿ ಬಿದ್ದಿತ್ತು. ಅಂಗಳದಲ್ಲಿದ್ದ ವಾಹನಗಳು ಉರಿಯುತ್ತಿದ್ದವು. ಬೆಂಕಿಯನ್ನು ಆರಿಸಲು ಬಂದ ಅಗ್ನಿಶಾಮಕ ವಾಹನವೇ ಬೆಂಕಿಗೆ ಆಹುತಿಯಾಯಿತೆಂದರೆ ಅಂದಿನ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು. ನೆರೆದಿದ್ದ ಜನಸಾಗರದೆದುರು ಪೋಲೀಸರು ಬೆರಳೆಣಿಕೆಯವರಾಗಿದ್ದರು.

ಚರಿತ್ರೆಯ ದೊಡ್ಡ ಬೆಂಕಿಗಳಿಗೆ ಮೂಲ ಸಾಮಾನ್ಯವಾಗಿ ಒಂದು ಕಿಡಿ. 1666ರಲ್ಲಿ ಲಂಡನ್ ನಗರವನ್ನು ಸುಟ್ಟದ್ದು ರೊಟ್ಟಿ ಸುಡುವವನೊಬ್ಬನ ಮನೆಯಲ್ಲಿ ಹೊತ್ತಿದ ಬೆಂಕಿ. ಬ್ಯಾಡಗಿಯ ಕಿಡಿಯಾದರೋ ಒಂದು ಅಂಕಿ. ಒಂದು ಅಂಕಿಯಿಂದ ಕಟ್ಟಡ ಉರಿಯಬೇಕಾದರೆ ಅದರ ಸುತ್ತ ಎಷ್ಟು ದಿನಗಳಿಂದ ಸೌದೆ ಒಟ್ಟಿದ್ದಿರಬೇಕು!

ನಮ್ಮ ಗೃಹಿಣಿಯರಿಗೆ ಬ್ಯಾಡಗಿ ಮೆಣಸಿನಕಾಯಿಯ ಗುಣವನ್ನು ನಾನು ಹೇಳಹೊರಡುವುದು ಅಧಿಕಪ್ರಸಂಗವಾದೀತು. ಸಾರಿಗೆ ಬಣ್ಣ ಬೇಕು, ಮಕ್ಕಳ ನಾಲಗೆ ಸುಡಬಾರದು ಎಂದಾಗ ಕೈ ಹೋಗುವುದು ಅದರ ಡಬ್ಬಕ್ಕೇ. ಗಿಡ್ಡಗೆ ದಪ್ಪಗೆ, ಮೈಯೆಲ್ಲ ಸುಕ್ಕಾಗಿ ಇರುವುದು ‘ಡಬ್ಬಿ’. ಉದ್ದಕ್ಕೆ ತೆಳ್ಳಗೆ ಇರುವುದು ‘ಕಡ್ಡಿ’. ಖಾರ ಕಡಿಮೆ, ಕೆಂಪು ಹೆಚ್ಚು. ಈ ಕೆಂಪನ್ನು ಕಾರ್ಖಾನೆಗಳಲ್ಲಿ ಎಣ್ಣೆಯಂಥ ಸಾರವಾಗಿ ತೆಗೆದು ಹೊರದೇಶಗಳಿಗೂ ಕಳಿಸುತ್ತಾರೆ. ತಿಂಡಿತಿನಿಸಿಗೂ, ಹೆಂಗಸರ ತುಟಿಯ ಬಣ್ಣಕ್ಕೂ ಅದು ಸೇರುವುದುಂಟು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹೀಗೆ ಬಣ್ಣಕ್ಕೆ ಬೆಲೆ ಬಂದದ್ದೇ ಬೆಳೆಗಾರನ ಆಸೆಗೆ ಮೂಲ.

ಹಿಂದಿನ ಹಂಗಾಮಿನಲ್ಲಿ ಒಳ್ಳೆಯ ದರ ಕಂಡಿದ್ದ ರೈತರು ಮೆಣಸಿನಕಾಯಿಯ ಕ್ಷೇತ್ರವನ್ನು ಹಿಗ್ಗಿಸಿದ್ದರು. ಮಳೆಯನ್ನೇ ನಂಬಿದ ಎರೆಯ ಹೊಲಗಳ ಬೆಳೆ ನೀರಾವರಿ ಸೀಮೆಗಳಿಗೂ ಹಬ್ಬಿತ್ತು; ಹೆಚ್ಚು ಇಳುವರಿ ಕೊಡುವ ಹೊಸ ಬೀಜಗಳು ಬಂದಿದ್ದವು. ಅದೇ 2023ರಲ್ಲಿ ಬರಗಾಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ನೀರಿದ್ದವನು ಹೇರಳವಾಗಿ ಬೆಳೆದ. ಇಲ್ಲದವನು ಕೊಳವೆಬಾವಿಗೆ, ಟ್ಯಾಂಕರಿಗೆ ಹಣ ಸುರಿದು ಬೆಳೆದ. ಇಬ್ಬರ ಚೀಲಗಳೂ ಒಂದೇ ಅಂಗಳದಲ್ಲಿ, ಒಂದೇ ದಿನ, ಅಕ್ಕಪಕ್ಕದಲ್ಲಿ ಬಂದು ಕುಳಿತವು. ಖರ್ಚು ಬೇರೆಬೇರೆಯಾದರೂ ಪೇಟೆ ಕೇಳುವುದು ಬಣ್ಣವನ್ನು, ತೇವವನ್ನು, ತಳಿಯನ್ನು ಮಾತ್ರ.

ಟೆಂಡರಿನ ಕ್ರಮವನ್ನೂ ಕೊಂಚ ಹೇಳಬೇಕು. ರೈತ ತನ್ನ ಚೀಲಗಳನ್ನು ದಲಾಲಿ ಅಂಗಡಿಯ ಮುಂದೆ ಇಳಿಸುತ್ತಾನೆ. ಖರೀದಿದಾರರು ಬಂದು, ಕಾಯಿ ಹಿಚುಕಿ, ಬಣ್ಣ ನೋಡಿ, ತಮ್ಮ ದರವನ್ನು ಗಣಕಯಂತ್ರದಲ್ಲಿ ನಮೂದಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬರೆದವನಿಗೆ ಮಾಲು. ದರ ಒಪ್ಪಿಗೆಯಾಗದಿದ್ದರೆ ‘ಕೊಡುವುದಿಲ್ಲ’ ಎನ್ನುವ ಹಕ್ಕು ರೈತನಿಗುಂಟು. ಹಕ್ಕೇನೋ ಉಂಟು, ಆದರೆ ನೂರಾರು ಮೈಲಿ ಲಾರಿ ಬಾಡಿಗೆ ಕೊಟ್ಟು ತಂದ ಚೀಲವನ್ನು ಮರಳಿ ಒಯ್ಯುವುದೆಲ್ಲಿಗೆ? ಮನೆಯಲ್ಲಿಟ್ಟರೆ ತೇವ ಹಿಡಿದು ಬೂಷ್ಟು ಬರುತ್ತದೆ, ಕೆಂಪು ಮಾಸುತ್ತದೆ. ಶೀತಲಗೃಹದಲ್ಲಿಟ್ಟರೆ ಬಾಡಿಗೆ ಏರುತ್ತದೆ. ಇತ್ತ ಸಾಲದ ಬಡ್ಡಿಯೂ ಸುಮ್ಮನಿರುವುದಿಲ್ಲ. ಈ ಬೆಂಕಿಯ ನಿಜವಾದ ಕಾರಣ ಬೇಡವೆನ್ನಲಾಗದ ಈ ಇಕ್ಕಟ್ಟಿನಲ್ಲಿದೆ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ವಿಪರ್ಯಾಸ. ಸುಟ್ಟುಹೋದದ್ದು ವರ್ತಕನ ಹವೇಲಿಯಲ್ಲ. ತೂಕದಲ್ಲಿ, ದರದಲ್ಲಿ ರೈತನಿಗೆ ಮೋಸವಾಗದಿರಲೆಂದೇ ಹುಟ್ಟಿದ ಸಂಸ್ಥೆಯ ಕಚೇರಿ. ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1939ರ ಕಾನೂನೂ, ಏಕೀಕರಣದ ತರುವಾಯ 1966ರ ಕಾನೂನೂ ನಿಯಂತ್ರಿತ ಮಾರುಕಟ್ಟೆಗಳನ್ನು ಕಟ್ಟಿದ್ದು ಆ ಉದ್ದೇಶದಿಂದ. ಆದರೆ ದರ ನಿಗದಿಯಾಗುವ ದೂರದ ಗೋದಾಮುಗಳೂ ರಫ್ತಿನ ಲೆಕ್ಕಗಳೂ ರೈತನ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಕಚೇರಿಯ ಬಾಗಿಲು. ಕೈಗೆ ಸಿಕ್ಕಿದ್ದು ಅದೇ.

ಆಮೇಲಿನ ಕಥೆ ಪೋಲೀಸು ಠಾಣೆಗೂ ನ್ಯಾಯಾಲಯಕ್ಕೂ ಸೇರಿದ್ದು. ಹಲವರ ಬಂಧನವಾಯಿತು. ಬೆಂಕಿ ಹಚ್ಚಿದವರು ಹೊರಗಿನವರು, ನಮ್ಮವರಲ್ಲ ಎಂಬ ಮಾತೂ ಹುಟ್ಟಿತು. ಊರೂರಿನ ಚೀಲಗಳಿಂದಲೇ ಬೆಳೆದ ಪೇಟೆಯಲ್ಲಿ ಹೊರಗಿನವರೆಂದರೆ ಯಾರೆಂದು ನಾನು ಕೇಳಿಕೊಂಡದ್ದುಂಟು. ಬೆಂಕಿ ಹಚ್ಚಿದ್ದನ್ನು ಸಮರ್ಥಿಸುವವನು ನಾನಲ್ಲ. ಕಚೇರಿ ಸುಟ್ಟದ್ದರಿಂದ ದರ ಏರಲಿಲ್ಲ.

ಒಣ ಮೆಣಸಿನಕಾಯಿ ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿರುವ ಬೆಳೆಯಲ್ಲ. 2025ರ ಫೆಬ್ರುವರಿಯಲ್ಲಿ, ದರ ಮತ್ತೆ ಇಳಿದಾಗ, ಆಂಧ್ರದ ಮೆಣಸಿನಕಾಯಿಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲಿಗೆ 11,781 ರೂಪಾಯಿ ಗೊತ್ತುಮಾಡಲಾಯಿತು. ಬ್ಯಾಡಗಿಯ ದಲಾಲಿ ಅಂಗಡಿಗಳ ಮುಂದೆ ಆ ಅಂಕಿಯನ್ನು ಎಷ್ಟು ಜನ ಎಷ್ಟು ಬಾರಿ ತಮ್ಮ ಚೀಲಗಳಿಗೆ ಹೊಂದಿಸಿ ಲೆಕ್ಕ ಹಾಕಿರಬಹುದೋ!