‘ಲಕ್ಕಿ ಬ್ಯಾಂಬೂ’ ಬಿದಿರೂ ಅಲ್ಲ, ಚೀನಾದ್ದೂ ಅಲ್ಲ

ಕ್ಯಾತನಹಳ್ಳಿ, ಪಾಂಡವಪುರದ ಕಡೆಯೂ ಈಗ ಗೃಹಪ್ರವೇಶಕ್ಕೆ ಗಾಜಿನ ಬಟ್ಟಲಿನ ‘ಲಕ್ಕಿ ಬ್ಯಾಂಬೂ’ ಉಡುಗೊರೆ ಕೊಡುವವರಿದ್ದಾರೆ. ಇದು ಚೀನಾದ ಬಿದಿರು, ಮನೆಯಲ್ಲಿಟ್ಟರೆ ದುಡ್ಡು ಕೂಡುತ್ತದೆ, ಒಣಗಿದರೆ ಕೇಡು ಎಂಬ ಮಾತೂ ಜೊತೆಗೆ ಬರುತ್ತದೆ.

ಅದು ಡ್ರಸೀನಾ ಎಂಬ ಗಿಡ. ಅದರ ತವರು ಆಫ್ರಿಕಾದ ಕ್ಯಾಮರೂನ್ ಕಡೆಯ ಕಾಡು. ಬಿದಿರು ಹುಲ್ಲಿನ ಕುಲಕ್ಕೆ ಸೇರಿದ್ದು, ನಮ್ಮ ಭತ್ತ, ರಾಗಿ, ಕಬ್ಬಿನ ಬಳಗ. ಡ್ರಸೀನಾ ಆ ಕುಲದ್ದಲ್ಲ. ಕಾಂಡ ಕೊಯ್ದು ನೋಡಿದರೆ ಬಿದಿರಿನ ಟೊಳ್ಳಿಲ್ಲ, ತಿರುಳು ತುಂಬಿರುತ್ತದೆ. ಎಲೆಯ ತುದಿ ಹಳದಿಯಾದರೆ ಹೆದರಬೇಡಿ. ನಲ್ಲಿ ನೀರಿನ ಕ್ಲೋರಿನ್ನೋ ಚುರುಕು ಬಿಸಿಲೋ ಅದಕ್ಕೆ ಕಾರಣವಾಗಿರಬಹುದು.

ಇದಕ್ಕಿಂತ ದೊಡ್ಡ ತಪ್ಪು, ಚೀನೀಯರಿಗೆ ಬಿದಿರೆಂದರೆ ಹಣ ಎಂದುಕೊಂಡಿರುವುದು. ಅಲ್ಲಿನ ಕವಿಗಳು, ಚಿತ್ರಕಾರರು ಬಿದಿರಿನಲ್ಲಿ ಕಂಡದ್ದು ಮನುಷ್ಯನ ನಡತೆಯನ್ನು. ಪ್ಲಮ್, ಆರ್ಕಿಡ್, ಸೇವಂತಿಗೆಯ ಜೊತೆ ಅದನ್ನು ‘ನಾಲ್ವರು ಸಜ್ಜನರು’ ಎಂದು ಕರೆದರು. ಒಳಗಿನ ಟೊಳ್ಳು ವಿನಯ, ಗೆಣ್ಣು ನಿಷ್ಠೆ, ಚಳಿಗಾಲದಲ್ಲೂ ಉಳಿಯುವ ಹಸಿರು ಕಷ್ಟಕ್ಕೆ ಬಾಗದ ಮನಸ್ಸು. 18ನೇ ಶತಮಾನದ ಝೆಂಗ್ ಬಾನ್‌ಚಿಯಾವ್ ಬಿದಿರಿನ ಚಿತ್ರ ಬರೆದೇ ಹೆಸರಾದವನು. ಶಾಂಡಾಂಗ್ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದಾಗ ಬರಗಾಲ ಬಂತು. ಹಸಿದವರಿಗಾಗಿ ಸರ್ಕಾರಿ ಕಣಜವನ್ನೇ ತೆರೆಸಿದ. ಬಿದಿರೆಲೆ ಅಲುಗಿದರೂ ತನಗೆ ಜನರ ನರಳಾಟವೇ ಕೇಳಿಸುತ್ತದೆ ಎಂದು ತನ್ನ ಚಿತ್ರವೊಂದರ ಮೇಲೆ ಬರೆದಿಟ್ಟ. ಅಂಥ ಬಿದಿರನ್ನು ದುಡ್ಡು ಸೆಳೆಯುವ ಯಂತ್ರ ಮಾಡಿಬಿಟ್ಟಿದ್ದೇವಲ್ಲ ಎಂದು ನನಗೆ ನಿಜವಾಗಿಯೂ ಬೇಸರ.

ಚೀನಾ ಬಿದಿರಿನ ಬೀಜ ಐದು ವರ್ಷ ಮೊಳೆಯದೆ ಮಣ್ಣಲ್ಲಿದ್ದು, ಆಮೇಲೆ ಆರು ವಾರದಲ್ಲಿ ತೊಂಬತ್ತು ಅಡಿ ಏರುತ್ತದೆ ಎಂದು ಭಾಷಣಗಳಲ್ಲಿ, ವಾಟ್ಸಾಪ್‌ನಲ್ಲಿ ಹೇಳುವುದೂ ಸುಳ್ಳು. ಬೀಜ ಕೆಲವೇ ವಾರಗಳಲ್ಲಿ ಮೊಳೆಯುತ್ತದೆ. ಮೊದಮೊದಲು ಸಣಕಲು ಕಡ್ಡಿಗಳು. ನೆಲದೊಳಗೆ ಗೆಡ್ಡೆ ಬಲಿತಂತೆ ವರ್ಷದಿಂದ ವರ್ಷಕ್ಕೆ ದಪ್ಪ ಕಳಲೆ ಏಳುತ್ತದೆ. ಬಲಿತ ಮೆಳೆಯ ಕಳಲೆ ಮಾತ್ರ ಎರಡು ಮೂರು ತಿಂಗಳಲ್ಲೇ ಪೂರ್ತಿ ಎತ್ತರ ಮುಟ್ಟುತ್ತದೆ.

ಶುಭಕ್ಕೆ ಬಿದಿರು ನಮ್ಮಲ್ಲೂ ಇದೆ. ಗೌರಿ ಹಬ್ಬದಲ್ಲಿ ಹೊಸ ಮೊರಕ್ಕೆ ಅರಿಶಿನ ಬಳಿದು, ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ ತುಂಬಿ, ಮೇಲೆ ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಬಾಗಿನ ಕೊಡುತ್ತಾರೆ. ಆ ಮೊರ ಹೆಣೆಯುವ ಮೇದರ ಕಸುಬಿನ ಮೇಲೆ ಪ್ಲಾಸ್ಟಿಕ್ ಮೊರ ಬಂದು ಕೂತಿದೆ. ಮುಂದಿನ ಗೃಹಪ್ರವೇಶಕ್ಕೆ ಬಿದಿರನ್ನೇ ಕೊಡಬೇಕೆನಿಸಿದರೆ ಮೇದರಿಂದ ಒಂದು ಜೊತೆ ಮೊರ ಕೊಳ್ಳಿ, ಚೌಕಾಸಿ ಮಾಡಬೇಡಿ.